ಆನ್‌ಲೈನ್ ಕ್ಲಾಸಿನಲ್ಲಿ ಕಿವಿ ಮಷಿನ್ ಕುಂಯ್ ಅಂತದೆ, ಅಕ್ಕೋರ ಬಾಯಿ ಕಾಣುದಿಲ್ಲ – ಏನು ಮಾಡಬಹುದು?

ಶಿರಸಿ_ಅಮ್ಮ (ಜುಲೈ 2021)

ನಮ್ಮದು ಶಿರಸಿ ತಾಲೂಕು, ಘಟ್ಟದ ಅಂಚಿನ ಊರು. ಮಗಳು ಎಂಟನೇ ಕ್ಲಾಸು. ಎರಡೂ ಕಿವಿಗೆ ಹಿಂದೆ ಹಾಕುವ ಮಷಿನ್ (ಶ್ರವಣ ಯಂತ್ರ) ಇದೆ. ಶಾಲೆ ಇದ್ದಾಗ ಮೊದಲ ಬೆಂಚಿನಲ್ಲಿ ಕೂತು ಅಕ್ಕೋರ ಬಾಯಿ ನೋಡಿ, ಪಕ್ಕದವಳ ಪಟ್ಟಿ (ನೋಟ್‌ಬುಕ್) ನೋಡಿ ಕಲೀತಿದ್ದಳು. ಕೊರೋನಾದಿಂದ ಶಾಲೆ ಮುಚ್ಚಿ ಗೂಗಲ್ ಮೀಟ್ ಕ್ಲಾಸ್ ಶುರುವಾದ ಮೇಲೆ ಏನೂ ತಲೆಗೆ ಹೋಗ್ತಿಲ್ಲ. ಇಯರ್‌ಫೋನ್ ಹಾಕಬೇಕಾದರೆ ಮೋಲ್ಡ್ (ಕಿವಿಯ ತೂತಿನಲ್ಲಿ ಕೂರುವ ಅಚ್ಚು) ತೆಗೀಬೇಕು. ದೊಡ್ಡ ಹೆಡ್‌ಫೋನ್ ಇಟ್ಟರೆ ಕುಂಯ್ ಅಂತದೆ. ಮಾತನ್ನು ಬರಹದಲ್ಲಿ ತೋರಿಸುವ ಕ್ಯಾಪ್ಷನ್ ಒತ್ತಿದರೆ ಕನ್ನಡ ಪಾಠಕ್ಕೆ ಏನೇನೋ ಇಂಗ್ಲಿಷ್ ಬರ್ತದೆ. ಪಿಪಿಟಿ (ಪಾಠದ ಸ್ಲೈಡ್) ಬಂದ ಕೂಡಲೇ ಅಕ್ಕೋರ ಮುಖ ಹುಣಸೆ ಬೀಜದಷ್ಟಾಗ್ತದೆ. ಸ್ವಲ್ಪ ಹೊತ್ತಿಗೇ ತಲೆನೋವು ಅಂತ ಫೋನ್ ಕೆಳಗಿಡ್ತಾಳೆ. ದಾರಿ ಗೊತ್ತಿದ್ದವರು ಹೇಳಿ.

ಕುಮಟಾ_ಕಂಪ್ಯೂಟರ್

ಅಕ್ಕಾ, ಮೀಟಿನ ಕ್ಯಾಪ್ಷನ್‌ಗೆ ಸದ್ಯ (2021ರಲ್ಲಿ) ಕನ್ನಡ ಇಲ್ಲ, ಸೆಟ್ಟಿಂಗ್ ಹುಡುಕುವ ಶ್ರಮ ಬೇಡ. ಗೂಗಲಿನದೇ ಲೈವ್ ಟ್ರಾನ್ಸ್‌ಕ್ರೈಬ್ ಅಂತ ಬೇರೆ ಆ್ಯಪ್ ಇದೆ, ಅದರಲ್ಲಿ ಕನ್ನಡ ಆರಿಸಬಹುದು. ಎರಡನೇ ಫೋನಿನಲ್ಲಿ ತೆರೆದು, ಕ್ಲಾಸ್ ನಡೆಯುವ ಫೋನಿನ ಸ್ಪೀಕರ್ ಪಕ್ಕ ಇಡಿ. ಅದಕ್ಕೂ ನೆಟ್ ಬೇಕು. ಮುಖ ದೊಡ್ಡದಾಗಿ ಕಾಣಲು ಅಕ್ಕೋರ ಚೌಕ ಒತ್ತಿ ಪಿನ್ ಮಾಡಿ.

ಅಂಕೋಲಾ_ವಿಶೇಷಶಿಕ್ಷಕಿ

ಮೊದಲು ಕುಂಯ್ ಸದ್ದಿನ ವಿಷಯ. ಈ ಮಷಿನ್ನಿನ ಮೈಕ್ ಇರುವುದು ಕಿವಿಯ ಮೇಲ್ಭಾಗದಲ್ಲಿ, ತೂತಿನ ಹತ್ತಿರ ಅಲ್ಲ. ಹೆಡ್‌ಫೋನ್ ಒತ್ತಿದಾಗ ಮೋಲ್ಡ್ ಅಲುಗಾಡಿ ಒಳಗಿನ ಸದ್ದು ಹೊರಬಂದು ಮತ್ತೆ ಮೈಕಿಗೆ ಹೋಗ್ತದೆ. ಕಿವಿಯನ್ನು ಪೂರ್ತಿ ಸುತ್ತುವರಿಯುವ ಹೆಡ್‌ಫೋನ್ ತಗೊಂಡು, ಮೈಕ್ ಒಳಗೆ ಬರುವಷ್ಟು ಮೇಲಕ್ಕೆ, ಸಡಿಲವಾಗಿ ಕೂರಿಸಿ. ಹೆಡ್‌ಫೋನ್ ಇಲ್ಲದಾಗಲೂ ಕುಂಯ್ ಅಂದರೆ ಮೋಲ್ಡ್ ಚಿಕ್ಕದಾಗಿರಬಹುದು, ಬೆಳೆಯುವ ಮಕ್ಕಳಿಗೆ ಅದನ್ನು ಬದಲಿಸ್ತಾ ಇರಬೇಕು. ನಮ್ಮ ಮಳೆಗಾಲದಲ್ಲಿ ಮಷಿನ್ನಿನಿಂದ ಮೋಲ್ಡಿಗೆ ಹೋಗುವ ನಳಿಗೆಯೊಳಗೆ ನೀರಹನಿ ಕೂತು ಸದ್ದು ಕಟ್ಟಾಗುವುದೂ ಉಂಟು. ರಾತ್ರಿ ಸೆಲ್ ತೆಗೆದು, ಮಷಿನನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಸೆಲ್ಲಿನ ಸ್ಟಿಕರ್ ಬಳಸುವ ಹೊತ್ತಿಗೇ ಕಿತ್ತು, ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಅದು ಗಾಳಿಯ ಆಮ್ಲಜನಕದಿಂದ ನಡೆಯುವ ಸೆಲ್.

ಆದರೆ ನಿಮ್ಮ ಮನೆಯಲ್ಲಿ ಏನು ಕೊಂಡರೂ ಆಗದ ಕೆಲಸ ಅಕ್ಕೋರ ಕಡೆಯಿಂದ ಆಗ್ತದೆ. ಫೋನ್ ದೂರ ಇಟ್ಟು ಪಾಠ ಮಾಡಿದರೆ ಕೋಣೆಯ ಗದ್ದಲವೇ ಹೆಚ್ಚು ಬರ್ತದೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದರೆ ಧ್ವನಿ ಸುಮಾರು 6 ಡೆಸಿಬಲ್ ಏರ್ತದೆ, ಗದ್ದಲ ಏರುದಿಲ್ಲ. ಮೈಕ್ ಇರುವ ಸಾದಾ ವಯರಿನ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ. ಕಿಟಕಿಗೆ ಬೆನ್ನು ಹಾಕದೆ ಎದುರು ಬೆಳಕಿಗೆ ಕೂರಲಿ.

ತಲೆನೋವನ್ನು ಸೋಮಾರಿತನ ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ. ಬೇರೆ ಮಕ್ಕಳು ಚಿತ್ರ ನೋಡ್ತಾ ಪಾಠ ಕೇಳ್ತಾರೆ. ಇವಳು ಚಿತ್ರ, ಬಾಯಿ, ಕ್ಯಾಪ್ಷನ್ ಮೂರನ್ನೂ ಕಣ್ಣಿನಿಂದಲೇ ಹಿಡಿಯಬೇಕು. ಸಾಲದ್ದಕ್ಕೆ ತುಟಿಯ ಮೇಲೆ ಪ, ಬ, ಮ ಒಂದೇ ಥರ. ಪರ, ಬರ, ಮರ ಯಾವುದೆಂದು ಸಂದರ್ಭದಿಂದಲೇ ಊಹಿಸಬೇಕು, ಕ, ಗ ಕಾಣುವುದೇ ಇಲ್ಲ. ಪಾಠದ ಹೊಸ ಶಬ್ದಗಳು ಹಿಂದಿನ ದಿನವೇ ಕೈಗೆ ಸಿಕ್ಕರೆ ಊಹೆ ಸರಿಯಾಗ್ತದೆ. ಸ್ಲೈಡ್ ತೋರಿಸಿ ಸ್ವಲ್ಪ ಸುಮ್ಮನಿದ್ದು, ಅದನ್ನು ತೆಗೆದು ಆಮೇಲೆ ಮಾತಾಡಲು ಕೇಳಿಕೊಳ್ಳಿ. ಹೇಳಲು ಸಂಕೋಚ ಆದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ) ಶಿಕ್ಷಕರಿಗೆ ಫೋನ್ ಮಾಡಿ. ಶಾಲೆಯವರ ಹತ್ತಿರ ಅವರು ಮಾತಾಡಬಹುದು.

ಕಾರವಾರ_ಅಪ್ಪ

ನಮ್ಮ ಹುಡುಗ ಪೂರ್ತಿ ಸನ್ನೆ ಭಾಷೆಯವ. ಅವನಿಗೆ ಧ್ವನಿ ಕಟ್ಟಾದರೆ ಚಿಂತೆ ಇಲ್ಲ, ವಿಡಿಯೋ ತಡೆತಡೆದು ಬಂದರೆ ಕೈ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತಲೇ ತಿಳಿಯುದಿಲ್ಲ. ಹಾಗಾಗಿ ಸರ್ ಈಗ ಪಾಠ ರೆಕಾರ್ಡ್ ಮಾಡಿ ಕಳಿಸ್ತಾರೆ. ಖಾಲಿ ಗೋಡೆ, ಒಂದೇ ಬಣ್ಣದ ಅಂಗಿ, ತಲೆಯಿಂದ ಸೊಂಟದವರೆಗೆ ಕಾಣಬೇಕು. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿ ಬೆರಳೂ ಮಸುಕಾಗ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರ್ತದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಕೇಂದ್ರದ ನಿಘಂಟು 2021ರ ಫೆಬ್ರವರಿಯಲ್ಲಿ 10,000 ಶಬ್ದ ಮುಟ್ಟಿದೆ, ನಾವೂ ನೋಡ್ತೇವೆ. ಆದರೆ ಸದ್ಯ (2021ರಲ್ಲಿ) ಅರ್ಥ ಇರುವುದು ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಪುಸ್ತಕದ ಶಬ್ದಕ್ಕೆ ಜೋಡಿಸಲು ನಾನೇ ಪಕ್ಕ ಕೂರಬೇಕು. ಇದನ್ನು ಕನ್ನಡದಲ್ಲಿ ಯಾರಾದರೂ ಮಾಡಲೇಬೇಕು.

ಶಿರಸಿ_ಅಮ್ಮ

ಹೆಡ್‌ಫೋನ್ ಮೇಲೆ ಸರಿಸಿದ ಮೇಲೆ ಬಲಕಿವಿಯ ಕುಂಯ್ ನಿಂತಿದೆ. ಎಡದ್ದು ಹೆಡ್‌ಫೋನ್ ಇಲ್ಲದೆಯೂ ಬರ್ತದೆ, ಮೋಲ್ಡ್ ಬದಲಿಸಬೇಕು. ಅಕ್ಕೋರು ಕೂಡಲೇ ಒಪ್ಪಿದರು. ಈಗ ಹಿಂದಿನ ಸಂಜೆ ನೋಟ್ಸಿನ ಫೋಟೋ ಬರ್ತದೆ. ಟ್ರಾನ್ಸ್‌ಕ್ರೈಬ್ ಸಮಾಜ ಪಾಠಕ್ಕೆ ಪರವಾಗಿಲ್ಲ, ವಿಜ್ಞಾನದ ಶಬ್ದ ಬಹಳ ತಪ್ಪಿಸ್ತದೆ. ಉಳಿದ ತೊಂದರೆ ರೇಂಜಿನದು. ಗುಡ್ಡದ ಮೇಲೆ ಮಾತ್ರ ಸಿಗ್ತದೆ, ಅಲ್ಲಿ ತಾಡಪಾಲಿನ ಮೇಲೆ ಬೀಳುವ ಮಳೆಯ ಸದ್ದೇ ಮಷಿನ್ ತುಂಬ.

ಅಂಕೋಲಾ_ವಿಶೇಷಶಿಕ್ಷಕಿ

ಜೋರು ಮಳೆಯ ದಿನ ಲೈವ್ ಕ್ಲಾಸ್ ಬಿಡಿ ತಂಗಿ, ಹಾಜರಿ ವಿಷಯ ಹೆಡ್‌ಮಾಸ್ತರರಿಗೆ ಮೊದಲೇ ತಿಳಿಸಿ. ಚಂದನ ವಾಹಿನಿಯ ಸಂವೇದ ಪಾಠಗಳು ಯೂಟ್ಯೂಬಿನಲ್ಲಿವೆ. ರೇಂಜ್ ಇದ್ದಾಗ ಇಳಿಸಿಕೊಂಡು ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ, ವೇಗ 0.75ಕ್ಕೆ ಇಟ್ಟು ನೋಡಲಿ.

ಶಿರಸಿ_ಅಮ್ಮ

ಹಾಗೇ ಮಾಡ್ತೇವೆ. ಶಾಲೆ ತೆರೆದರೆ ಎಲ್ಲರೂ ಮಾಸ್ಕ್ ಹಾಕಿರ್ತಾರಲ್ಲ, ಆಗ?

ಅಂಕೋಲಾ_ವಿಶೇಷಶಿಕ್ಷಕಿ

ಮಾಸ್ಕ್ ಬಾಯಿ ಮುಚ್ಚುವುದಷ್ಟೇ ಅಲ್ಲ, ಸ, ಶ ಥರದ ಏರು ಸ್ಥಾಯಿಯ ಸದ್ದನ್ನೂ ತಗ್ಗಿಸ್ತದೆ. ಬಾಯಿಯ ಜಾಗಕ್ಕೆ ಪಾರದರ್ಶಕ ಹಾಳೆ ಇಟ್ಟ ಮಾಸ್ಕ್ ಸಿಗ್ತದೆ, ಹೊಲಿಸಲೂಬಹುದು. ಒಳಗಡೆ ಸ್ವಲ್ಪ ಸೋಪು ಸವರಿ ಒರೆಸಿದರೆ ಹಬೆ ಕಟ್ಟುವುದು ಕಡಿಮೆ. ಎಲ್ಲ ಅಕ್ಕೋರು, ಮಾಸ್ತರರಿಗೂ ಈಗಲೇ ಹೇಳಿಡಿ.