ಫಾಯಿಲ್ ನೀರಿಗೆ ಹಾಕಿದ ಕಾಲ್ಗೆಜ್ಜೆ ಮಂಕಾಯಿತು, ಜುಮಕಿಯ ಕಪ್ಪೂ ಹೋಯಿತು. ಮುಂದೇನು?

ಸಂಪಿಗೆ_ಮರ:

ವರಮಹಾಲಕ್ಷ್ಮಿ ಹಬ್ಬದೊಳಗೆ ಬೆಳ್ಳಿ ಒಡವೆಗಳನ್ನೆಲ್ಲ ತೊಳೆದಿಡಬೇಕು. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಕುದಿಯುವ ನೀರು ಹಾಕುವ ವಿಧಾನ ಮಾಡಿ ನೋಡಿದೆ. ಒಂದೊಂದಕ್ಕೆ ಒಂದೊಂದು ತರಹ ಆಗಿದೆ.

1. ಕಾಲ್ಗೆಜ್ಜೆ ಜೊತೆ, 110 ಗ್ರಾಂ. ಅರ್ಧ ಗಂಟೆ ಬಿಟ್ಟಿದ್ದೆ. ಕಪ್ಪು ಹೋಗಿದೆ, ಹೊಳಪಿಲ್ಲ. ಸುಣ್ಣ ಬಳಿದ ಹಾಗೆ ಮಂಕು ಬಿಳಿ. ಗೆಜ್ಜೆಗಳ ಬುಡದಲ್ಲಿ, ಕೊಂಡಿಯ ಸಂದಿಯಲ್ಲಿ ಹಸಿರು ಹಾಗೇ ಕೂತಿದೆ.

2. ಆಕ್ಸಿಡೈಸ್ಡ್, ಅಂದರೆ ಬೇಕೆಂದೇ ಕಪ್ಪು ಮಾಡಿದ ಜುಮಕಿ, 925 (ಸಾವಿರಕ್ಕೆ 925 ಪಾಲು ಬೆಳ್ಳಿ) ಅಂತ ಗುರುತಿದೆ. ಕೆತ್ತನೆಯೊಳಗಿನ ಕಪ್ಪು ಪೂರ್ತಿ ಹೋಗಿ ಹೂಬಳ್ಳಿಯೇ ಕಾಣುತ್ತಿಲ್ಲ.

3. ಕೆಂಪು ಕಲ್ಲಿನ ಭರತನಾಟ್ಯದ ಸೆಟ್, ಬೆಳ್ಳಿಯ ಮೇಲೆ ಚಿನ್ನದ ಮುಲಾಮು. ಹಿಂಭಾಗ ಕಪ್ಪಾಗಿದೆ. ಇದನ್ನು ಇನ್ನೂ ಮುಟ್ಟಿಲ್ಲ.

ಮನೆಯಲ್ಲೇ ಸರಿಹೋಗುತ್ತಾ, ಅಂಗಡಿಗೇ ಕೊಡಬೇಕಾ? ಕೊಟ್ಟರೆ ಏನು ಕೇಳಿ ಕೊಡಬೇಕು?

ಕುಲುಮೆ_ಕಿಡಿ:

ಮೂರನೆಯದನ್ನು ಮುಟ್ಟದೆ ಬಿಟ್ಟಿದ್ದು ಪುಣ್ಯ. ಆ ನೀರಿಗೆ ಬಿದ್ದಿದ್ದರೆ ಕಲ್ಲುಗಳನ್ನು ತಳದಲ್ಲಿ ಹುಡುಕಬೇಕಿತ್ತು. ಅದರ ಬಗ್ಗೆ ಗೊತ್ತಿರುವವರು ಬರೆಯಲಿ, ನಾನು ಮೊದಲ ಎರಡಕ್ಕೆ ಹೇಳುತ್ತೇನೆ.

ಕಪ್ಪು ಅಂದರೆ ಕೊಳೆಯಲ್ಲ, ಬೆಳ್ಳಿ ಸಲ್ಫೈಡ್. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಆಗುವ ಪದರ. ಮೊದಲು ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಆ ಕಪ್ಪಿನ ತೂಕದಲ್ಲಿ ನೂರಕ್ಕೆ 87 ಪಾಲು ಬೆಳ್ಳಿಯೇ. ಉಜ್ಜಿ ತೆಗೆದರೆ ಅಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ. ಫಾಯಿಲ್ ವಿಧಾನದಲ್ಲಿ ಗಂಧಕ ಮಾತ್ರ ಬಿಟ್ಟುಹೋಗಿ ಬೆಳ್ಳಿ ಅಲ್ಲೇ ಉಳಿಯುತ್ತದೆ, ಸವೆಯುವುದು ಅಲ್ಯೂಮಿನಿಯಂ. ಆಗ ಬರುವ ಕೊಳೆತ ಮೊಟ್ಟೆಯ ವಾಸನೆ ಆ ಗಂಧಕದ್ದೇ, ಕಿಟಕಿ ತೆರೆದಿಡಿ. ವಿಧಾನ ಒಳ್ಳೆಯದೇ. ಅರ್ಧ ಗಂಟೆ ಬಿಟ್ಟಿದ್ದು ತಪ್ಪಾಯಿತು.

ಮಂಕಾಗಿದ್ದು ಯಾಕೆಂದರೆ, ವಾಪಸ್ ಬಂದ ಬೆಳ್ಳಿ ನಯವಾಗಿ ಕೂರುವುದಿಲ್ಲ, ಸಣ್ಣ ಸಣ್ಣ ಕಣಗಳಾಗಿ ತರಿತರಿಯಾಗಿ ಕೂರುತ್ತದೆ. ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ. ಹೊತ್ತು ಹೆಚ್ಚಾದಷ್ಟೂ ಫಾಯಿಲಿನಿಂದ ಬಿಟ್ಟ ಬೂದಿಯಂಥ ಪುಡಿಯೂ ಅದರ ಮೇಲೆ ಕೂರುತ್ತದೆ. ಮುಂದಿನ ಸಲ ಹೀಗೆ ಮಾಡಿ: ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಜಿಡ್ಡು ತೆಗೆಯಿರಿ, ಜಿಡ್ಡಿನ ಮೇಲೆ ಏನೂ ಕೆಲಸ ಮಾಡುವುದಿಲ್ಲ. ಗಾಜು ಅಥವಾ ಪಿಂಗಾಣಿ ಪಾತ್ರೆಗೆ ಫಾಯಿಲ್ ಹಾಸಿ, 1 ಲೀಟರ್ ಕುದಿ ಬಂದ ನೀರಿಗೆ 2 ದೊಡ್ಡ ಚಮಚ ಸೋಡಾ. ಒಡವೆ ಫಾಯಿಲಿಗೆ ತಾಗಿಕೊಂಡೇ ಇರಬೇಕು, ಒಂದರ ಮೇಲೊಂದು ಗುಡ್ಡೆ ಹಾಕಿದರೆ ಮೇಲಿನವು ಕಪ್ಪಾಗೇ ಉಳಿಯುತ್ತವೆ. 2 ನಿಮಿಷಕ್ಕೆ ಮಗುಚಿ, ಇನ್ನೆರಡು ನಿಮಿಷ ಬಿಟ್ಟು ತೆಗೆಯಿರಿ. ಇನ್ನೂ ಕಪ್ಪಿದ್ದರೆ ಹೊತ್ತು ಹೆಚ್ಚಿಸಬೇಡಿ. ಹೊಸ ಫಾಯಿಲ್, ಹೊಸ ಬಿಸಿನೀರಿನಲ್ಲಿ ಮತ್ತೊಮ್ಮೆ 4 ನಿಮಿಷ. ನೀರು ಆರಿದರೆ ಕೆಲಸ ನಿಂತ ಹಾಗೆ. ಈನೋ ಹಾಕುವವರಿದ್ದಾರೆ. ಅದರಲ್ಲಿ ಹುಳಿ ಮೊದಲೇ ಬೆರೆತಿರುವುದರಿಂದ ಅರ್ಧ ಸೋಡಾ ಬುರುಗಿಗೇ ಖರ್ಚು.

ಈಗಿನ ಮಂಕಿಗೆ ಮತ್ತೆ ಅದ್ದುವುದು ಬೇಡ. ಪ್ರೆಸಿಪಿಟೇಟೆಡ್ ಚಾಕ್ ಅಂತ ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ, ತುಂಬ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್. 2 ಚಮಚಕ್ಕೆ ಡಿಸ್ಟಿಲ್ಡ್ ವಾಟರ್ ಹನಿಸಿ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಹತ್ತಿಯಲ್ಲಿ ತೆಗೆದುಕೊಂಡು ಉದ್ದುದ್ದಕ್ಕೆ ಉಜ್ಜಿ, ಸುತ್ತ ತಿರುಗಿಸಿ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಹತ್ತಿ ಕಪ್ಪಾದ ಕೂಡಲೇ ಬದಲಿಸಿ. ಎರಡು ಮೂರು ಕೈ ಉಜ್ಜುವುದರಲ್ಲಿ ಹೊಳಪು ಬರುತ್ತದೆ.

ಹಸಿರಿನ ಕಥೆ ಬೇರೆ. ಅದು ತಾಮ್ರದ್ದು. 925 ಬೆಳ್ಳಿಯಲ್ಲೇ ಸಾವಿರಕ್ಕೆ 75 ಪಾಲು ಸಾಮಾನ್ಯವಾಗಿ ತಾಮ್ರ. ಟಚ್, ಅಂದರೆ ಬೆಳ್ಳಿಯ ಶುದ್ಧತೆ, ಕಡಿಮೆ ಇರುವ ಗೆಜ್ಜೆಗಳಲ್ಲಿ ಇನ್ನೂ ಹೆಚ್ಚು. ಬೆಸುಗೆ ಹಾಕಿದ ಜಾಗಗಳಲ್ಲಿ ಬೆವರಿನ ಉಪ್ಪು ನಿಂತು ಹಸಿರೇಳುತ್ತದೆ. ಇದಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್: 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ, 5ರಿಂದ 10 ನಿಮಿಷ. ಮೆತ್ತನೆ ಬ್ರಷ್‌ನಿಂದ ಸಂದಿ ತಿಕ್ಕಿ, ಸೋಡಾ ನೀರಿನಲ್ಲಿ ಅದ್ದಿ ಹುಳಿ ಮುರಿದು, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಯಿರಿ. ಆ ಹುಳಿ ನೀರಿನಲ್ಲಿ ಕಬ್ಬಿಣ, ಸ್ಟೀಲಿನ ಇಕ್ಕಳ, ಪಿನ್ನು ಏನೂ ಇರಕೂಡದು. ಇದ್ದರೆ ಕರಗಿದ ತಾಮ್ರವೆಲ್ಲ ಬೆಳ್ಳಿಯ ಮೇಲೆ ಹತ್ತಿ ಒಡವೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಲವು ಕೊಂಡಿಗಳೊಳಗೆ ಸ್ಟೀಲ್ ಸ್ಪ್ರಿಂಗ್ ಇರುತ್ತದೆ, ಆ ತುದಿ ನೀರಿಗೆ ಇಳಿಯದ ಹಾಗೆ ಹಿಡಿಯಿರಿ.

ಗೆಜ್ಜೆಯ ಹೊಟ್ಟೆಯೊಳಗೆ ನೀರು ನಿಂತರೆ ಎಲ್ಲ ಮತ್ತೆ ಮೊದಲಿಂದ. ಅಕ್ಕಸಾಲಿಗರು ಒಣ ಮರದ ಹೊಟ್ಟಿನಲ್ಲಿ ಹೊರಳಿಸುತ್ತಾರೆ. ಮನೆಯಲ್ಲಿ ಟವೆಲಿನಲ್ಲಿ ಸುತ್ತಿ ಒದರಿ, ಹೇರ್ ಡ್ರೈಯರ್ ಹಿಡಿದರೆ ಸಾಕು.

ಹಳೇಪೇಟೆ_ಹುಡುಗಿ:

ಇಷ್ಟೆಲ್ಲ ಯಾಕೆ? ವಿಭೂತಿ ಅಥವಾ ಹಲ್ಲುಪುಡಿ ಹಾಕಿ ಉಜ್ಜಿದರೆ ಫಳಫಳ ಅನ್ನುತ್ತದೆ. ತಲೆತಲಾಂತರದಿಂದ ದೀಪ, ಕುಂಕುಮ ಭರಣಿ ಎಲ್ಲ ಅದರಲ್ಲೇ.

ಕುಲುಮೆ_ಕಿಡಿ:

ಹೊಳೆಯುವುದು ನಿಜ. ದಪ್ಪ ತಗಡಿನ ದೀಪಕ್ಕೆ ವರ್ಷಕ್ಕೊಮ್ಮೆ ನಡೆದೀತು. ಆದರೆ ಬೆಳ್ಳಿ ಬಹಳ ಮೆತ್ತಗಿನ ಲೋಹ, 1ರಿಂದ 10ರ ಮೋಸ್ ಅಳತೆಯಲ್ಲಿ ಗಡಸುತನ 2.5ರಿಂದ 3. ಸಗಣಿ ಸುಟ್ಟ ಬೂದಿಯಲ್ಲಿ ಸಿಲಿಕಾ ಇರುತ್ತದೆ, ಟೂತ್‌ಪೇಸ್ಟಿನಲ್ಲೂ ಸಾಮಾನ್ಯವಾಗಿ ಅದೇ. ಕೆಂಪು ದಂತಮಂಜನದಲ್ಲಿ ಕಾವಿಮಣ್ಣು. ಮೂರೂ ಬೆಳ್ಳಿಗಿಂತ ಗಡಸು. ಹಳೆಯ ಕುಂಕುಮ ಭರಣಿಗಳ ಮುಚ್ಚಳದ ಮೇಲೆ ಲಕ್ಷ್ಮಿಯ ಮೂಗು, ಕಣ್ಣು ಸವೆದು ನುಣ್ಣಗಾಗಿರುವುದನ್ನು ನೋಡಿ. ಅಷ್ಟೂ ಉಜ್ಜಿಯೇ ಹೋದದ್ದು. ಹಳೆಯ ಪದ್ಧತಿಯೇ ಬೇಕೆಂದರೆ ಅಂಟುವಾಳ ಇದೆ: 8-10 ಕಾಯಿ ಬೀಜ ತೆಗೆದು ಅರ್ಧ ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಬ್ರಷ್ ಹಾಕಿ. ಅದು ಜಿಡ್ಡು, ಬೆವರು, ಅರಿಶಿನ ತೆಗೆಯುತ್ತದೆ. ಕಪ್ಪನ್ನು ತೆಗೆಯುವುದಿಲ್ಲ.

ತಾಳ_ತಟ್ಟು:

ಮೂರನೆಯದಕ್ಕೆ ನನ್ನ ಉತ್ತರ. ನಾಗರಕೋಯಿಲಿನ ವಡಸೇರಿ ಕೆಲಸದ ನೃತ್ಯದ ಒಡವೆಗಳಲ್ಲಿ ಬೆಳ್ಳಿಯ ಚೌಕಟ್ಟು, ಒಳಗೆ ಅರಗು, ಕಲ್ಲಿನ ಹಿಂದೆ ಹೊಳೆಯುವ ತೆಳು ರೇಕು, ಮೇಲೆ ಚಿನ್ನದ ಹಾಳೆ ಇರುತ್ತದೆ. ಪೇಟೆಯಲ್ಲಿ ಸಿಗುವ ಸಾಧಾರಣ ಸೆಟ್‌ಗಳಲ್ಲಿ ಕಲ್ಲನ್ನು ಗೋಂದಿನಲ್ಲಿ ಅಂಟಿಸಿರುತ್ತಾರೆ. ಯಾವುದೇ ಇರಲಿ, ಅದ್ದಬಾರದು.

ಅರಗು 70 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಫಾಯಿಲ್ ನೀರು ಅದಕ್ಕಿಂತ ಬಿಸಿ. ತಣ್ಣೀರಾದರೂ ಕಲ್ಲಿನ ಅಂಚಿನಿಂದ ಒಳಗಿಳಿದು ರೇಕು ಕಪ್ಪಾಗುತ್ತದೆ, ಆಗ ಕೆಂಪು ಕಲ್ಲು ಸತ್ತ ಹಾಗೆ ಕಾಣುತ್ತದೆ. ಅದನ್ನು ಮೇಲಿನಿಂದ ಒರೆಸಿ ಸರಿ ಮಾಡಲಾಗದು. ಕಲ್ಲು ಕಿತ್ತು ರೇಕು ಬದಲಿಸಿ ಮತ್ತೆ ಕೂರಿಸಬೇಕು. ಸ್ಪಿರಿಟ್ಟಿನಲ್ಲಿ ಒರೆಸಿ ಅಂತ ಕೆಲವರು ಹೇಳುತ್ತಾರೆ, ಸ್ಯಾನಿಟೈಸರ್ ಕೂಡ. ಅರಗು ಕರಗುವುದೇ ಸ್ಪಿರಿಟ್ಟಿನಲ್ಲಿ.

ಮಾಡಬೇಕಾದದ್ದು ಇಷ್ಟು. ಮೇಕಪ್ ಬ್ರಷ್‌ನಿಂದ ಪೌಡರು, ಧೂಳು ಒಣದಾಗೇ ತೆಗೆಯಿರಿ. ಹಿಂಭಾಗಕ್ಕೆ ಒದ್ದೆ ಮಾಡಿ ಪೂರ್ತಿ ಹಿಂಡಿದ ಮಲ್ ಬಟ್ಟೆ, ತಕ್ಷಣ ಒಣ ಬಟ್ಟೆ. ಹಿಂಭಾಗ ಬರೀ ಬೆಳ್ಳಿಯಾಗಿದ್ದರೆ ಕಿವಿಯ ಹತ್ತಿಕಡ್ಡಿಯಲ್ಲಿ ಮೇಲೆ ಹೇಳಿದ ಚಾಕ್ ಪೇಸ್ಟ್ ಚೂರೇ ಚೂರು ಹಚ್ಚಬಹುದು, ಕಲ್ಲಿನ ಅಂಚಿಗೆ ಹೋಗದ ಹಾಗೆ. ಮುಲಾಮು ಇರುವ ಕಡೆ ಯಾವ ಪುಡಿಯೂ ಬೇಡ. ಆ ಚಿನ್ನದ ಪದರ ಎಷ್ಟು ತೆಳುವೆಂದರೆ ನಾಲ್ಕು ಸಲ ಉಜ್ಜುವಷ್ಟರಲ್ಲಿ ಕೆಳಗಿನ ಬೆಳ್ಳಿ ಇಣುಕುತ್ತದೆ. ಹಿಂಭಾಗ ಕಪ್ಪಾಗಿದ್ದರೆ ಕುಣಿಯುವಾಗ ಯಾರಿಗೂ ಕಾಣುವುದಿಲ್ಲ, ಹಾಗೇ ಬಿಟ್ಟರೂ ನಷ್ಟವಿಲ್ಲ.

ಸಂಪಿಗೆ_ಮರ:

ಸೆಟ್ ಹಾಗೇ ಇಡುತ್ತೇನೆ. ಜುಮಕಿಗೆ ಕಪ್ಪು ವಾಪಸ್ ತರಲು ಬೇಯಿಸಿದ ಮೊಟ್ಟೆ ಅಂತ ಎಲ್ಲೋ ಓದಿದೆ. ನಮ್ಮಲ್ಲಿ ಮೊಟ್ಟೆ ಹೊಸಿಲು ದಾಟುವ ಹಾಗಿಲ್ಲ! ಬೇರೆ ದಾರಿ? ಮತ್ತೆ 925 ಅಂತ ಇದ್ದರೂ ಅದು ಬೆಳ್ಳಿಯೇ ಹೌದಾ ಅಂತ ಈಗ ಅನುಮಾನ.

ಗ್ರಾಂ_ಗುಲಗಂಜಿ:

ಅನುಮಾನ ಮೊದಲು ತೀರಿಸಿಕೊಳ್ಳಿ. ಬರೀ 925 ಅಂಕಿ ಯಾರು ಬೇಕಾದರೂ ಒತ್ತಬಹುದು. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನದ ಮುದ್ರೆ ಜೊತೆಗಿದೆಯೇ ನೋಡಿ. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಮಾಡಿಸಿದ ಬೆಳ್ಳಿಗೂ 6 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ, ಬಂದಿದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅದಕ್ಕೂ ಹಿಂದಿನ ಒಡವೆಯಲ್ಲಿ ಇರುವುದಿಲ್ಲ.

ಮನೆಯಲ್ಲೇ ನೋಡಲು 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಜುಮಕಿ ಒಣದಾಗಿ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಜುಮಕಿಯನ್ನು ನೂಲಿನಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಉಳಿಯಬಾರದು. ಈಗ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಉದಾಹರಣೆಗೆ 18.60 ಗ್ರಾಂ ಭಾಗಿಸು 1.80, ಅಂದರೆ ಸಾಂದ್ರತೆ 10.33. 925 ಬೆಳ್ಳಿಗೆ 10.3ರ ಹತ್ತಿರ ಬರಬೇಕು. 8.5ರ ಸುತ್ತ ಬಂದರೆ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್. ಈ ಜರ್ಮನ್ ಸಿಲ್ವರ್‌ನಲ್ಲಿ ಹೆಸರಿಗಷ್ಟೇ ಬೆಳ್ಳಿ, ಇರುವುದು ತಾಮ್ರ, ನಿಕಲ್, ಸತು. ಕಲ್ಲು, ಮುತ್ತು, ಒಳಗೆ ಅರಗು ಇರುವ ಒಡವೆಗೆ ಈ ಲೆಕ್ಕ ಹೊಂದುವುದಿಲ್ಲ.

ಬೆಳ್ಳಿಯೇ ಆಗಿದ್ದರೆ ಮೊಟ್ಟೆ ಬೇಕಾಗಿಲ್ಲ. ಆಕ್ಸಿಡೈಸ್ಡ್ ಕೆಲಸ ಮಾಡುವವರ ಹತ್ತಿರ ಲಿವರ್ ಆಫ್ ಸಲ್ಫರ್ ಇರುತ್ತದೆ, ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಪೊಟ್ಯಾಸಿಯಂ ಮತ್ತು ಗಂಧಕದ ಸಂಯುಕ್ತ. ಬಿಸಿನೀರಿನಲ್ಲಿ ಕರಗಿಸಿ ಅದ್ದಿದರೆ ಕ್ಷಣಗಳಲ್ಲಿ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಉಬ್ಬಿದ ಭಾಗ ಮಾತ್ರ ಉಜ್ಜಿ ಬೆಳ್ಳಗೆ ಮಾಡುತ್ತಾರೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಎರಡು ಜುಮಕಿ ಒಂದೇ ಬಣ್ಣಕ್ಕೆ ಬರಬೇಕಾದರೆ ಒಟ್ಟಿಗೇ ಅದ್ದಲು ಹೇಳಿ. ಇನ್ನು ಮುಂದೆ ಆ ಜುಮಕಿಗೆ ಒಣ ಬಟ್ಟೆ ಬಿಟ್ಟು ಬೇರೇನೂ ಬೇಡ.

ಅಂಗಡಿಗೆ ಕೊಡುವಾಗ: ಮನೆಯಲ್ಲೂ ತೂಗಿ, ಅಂಗಡಿಯಲ್ಲೂ ನಿಮ್ಮೆದುರೇ ತೂಗಿಸಿ, ಚೀಟಿಯಲ್ಲಿ ಬರೆಸಿ. ಗೆಜ್ಜೆಗಳನ್ನು ಎಣಿಸಿ. ಯಾವ ಪಾಲಿಶ್ ಅಂತ ಕೇಳಿ. ಕಾಯಿಸಿ ಆಸಿಡ್‌ಗೆ ಹಾಕುವುದು ಹಳೆಯ ಪದ್ಧತಿ. ಮೇಲ್ಮೈಯ ತಾಮ್ರ ಕರಗಿ ಬಿಳಿ ಬೆಳ್ಳಿ ಮಾತ್ರ ಮೇಲೆ ಉಳಿಯುವುದರಿಂದ ಹೊಸದರ ಹಾಗೆ ಕಾಣುತ್ತದೆ, ಆದರೆ ಕಲ್ಲು, ಮೀನಾಕಾರಿ (ಬಣ್ಣದ ಎನಾಮೆಲ್ ಕೆಲಸ) ಇದ್ದರೆ ಕೊಡಲೇಬಾರದು. ಬಫಿಂಗ್ ಚಕ್ರ ಬೇಗ ಹೊಳಪು ತರುತ್ತದೆ, ಬೆಳ್ಳಿಯನ್ನೂ ಅಷ್ಟೇ ಬೇಗ ತಿನ್ನುತ್ತದೆ. ಕಾಲ್ಗೆಜ್ಜೆಗೆ ಸಣ್ಣ ಸ್ಟೀಲ್ ಸೂಜಿಗಳು ತಿರುಗುವ ಮ್ಯಾಗ್ನೆಟಿಕ್ ಪಾಲಿಶ್ ಒಳ್ಳೆಯದು, ಸವೆತ ತೀರ ಕಡಿಮೆ. ವಾಪಸ್ ತೆಗೆದುಕೊಳ್ಳುವಾಗ ಒಂದು ಅಯಸ್ಕಾಂತ ಹಿಡಿದು ನೋಡಿ, ಗೆಜ್ಜೆಯೊಳಗೆ ಸೂಜಿ ಸಿಕ್ಕಿಕೊಂಡಿದ್ದರೆ ಗೊತ್ತಾಗುತ್ತದೆ. ಕೆಲವರು ಬಾಟಲಿಯ ಡಿಪ್‌ನಲ್ಲಿ, ಅಂದರೆ ಬೆಳ್ಳಿ ತೊಳೆಯುವ ದ್ರವದಲ್ಲಿ, ಅದ್ದಿ ಕೊಟ್ಟುಬಿಡುತ್ತಾರೆ. ಅದರಲ್ಲಿ ಥಯೋಯೂರಿಯಾ ಮತ್ತು ಆಸಿಡ್ ಇರುತ್ತದೆ, ಸಂದಿಯಲ್ಲಿ ಉಳಿದರೆ ಬೇಗನೇ ಮತ್ತೆ ಕಪ್ಪು. ಅದಕ್ಕಾದರೆ ಅಂಗಡಿ ಯಾಕೆ?

ತಾಳ_ತಟ್ಟು:

ಎತ್ತಿಡುವ ಬಗ್ಗೆ ಯಾರೂ ಹೇಳಲಿಲ್ಲ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿ ಗಂಧಕ ಇದೆ, ಸುತ್ತಿದ ಜಾಗದಲ್ಲೇ ಕಪ್ಪು ಗೆರೆ ಬೀಳುತ್ತದೆ. ಉಣ್ಣೆ ಬಟ್ಟೆಯೂ ಹಾಗೇ. ಅಂಗಡಿಯ ಗುಲಾಬಿ ಕಾಗದ ಮನೆಗೆ ತರುವಷ್ಟಕ್ಕೆ ಸಾಕು. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ಜಿಪ್ ಇರುವ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಜೊತೆಗೆ 5 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಎರಡು ಹಾಕಿ. ಕೆಂಪು ಕಲ್ಲಿನ ಸೆಟ್‌ಗೆ ಮಾತ್ರ ಬಿಗಿ ಚೀಲ ಬೇಡ. ಕುಣಿದ ದಿನ ಬೆವರು ಆರುವ ತನಕ ಫ್ಯಾನಿನ ಕೆಳಗೆ ಬಿಟ್ಟು, ಆಮೇಲೆ ಹತ್ತಿ ಹಾಸಿದ ಡಬ್ಬದಲ್ಲಿ ಕಲ್ಲು ಮೇಲೆ ಬರುವ ಹಾಗೆ ಇಡಿ.

ಸಂಪಿಗೆ_ಮರ:

ಜುಮಕಿ ಮುಳುಗಿಸಿ ತೂಗಿದೆ. 14.20 ಗ್ರಾಂ, ನೀರಿನಲ್ಲಿ 1.66. ಎಂಟೂವರೆ! ಬೆಳ್ಳಿಯಲ್ಲ, ಲಿವರ್ ಆಫ್ ಸಲ್ಫರ್ ಹುಡುಕುವ ಕೆಲಸ ತಪ್ಪಿತು. ಕಾಲ್ಗೆಜ್ಜೆಯ ಒಂದು ಎಳೆಗೆ ಚಾಕ್ ಹಚ್ಚಿ ನೋಡಿದೆ, ಹೊಳಪು ಬರುತ್ತಿದೆ. ನಾಳೆ ನಿಂಬೆ ಉಪ್ಪು.