ರೆಡ್ ವೈನ್ ಕುಡಿದರೆ ಬಾಯೆಲ್ಲ ಒಗರು, ಬಾಟ್ಲಿ ಕೆಟ್ಟಿತ್ತಾ?

ಕೊತ್ರೂಡ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಆರು ವರ್ಷ ಆಯ್ತು, ಇಲ್ಲಿಯವರೆಗೆ ಬಿಯರ್ ಬಿಟ್ಟು ಬೇರೇನೂ ಮುಟ್ಟಿದವನಲ್ಲ. ಹೋದ ತಿಂಗಳು ಬರ್ತ್‌ಡೇಗೆ ಆಫೀಸಿನವರು ಒಂದು ರೆಡ್ ವೈನ್ ಕೊಟ್ಟರು. ಶಿರಾಜ್, 13.5 ಪರ್ಸೆಂಟ್, ಲೇಬಲ್ಲಿನಲ್ಲಿ ನನಗೆ ಅರ್ಥವಾದದ್ದು ಇಷ್ಟೇ. ರೆಡ್ ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಅಂತ ಯಾರೋ ಹೇಳಿದ್ದರು, ಅದಕ್ಕೆ ಅಡುಗೆಮನೆ ಕಪಾಟಿನಲ್ಲೇ ಇಟ್ಟಿದ್ದೆ. ಮೇ ತಿಂಗಳು, ಮೇಲಿನ ಮಹಡಿ ಫ್ಲಾಟು, ಹೇಗಿರುತ್ತದೆ ನಿಮಗೇ ಗೊತ್ತಲ್ಲ. ಕುಡಿದರೆ ಮೊದಲು ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯಿತು, ಆಮೇಲೆ ನಾಲಿಗೆ, ವಸಡು ಎಲ್ಲ ಹಿಡಿದುಕೊಂಡ ಹಾಗೆ, ಹಸಿ ಬಾಳೆಕಾಯಿ ಕಚ್ಚಿದ ಹಾಗೆ. ಹೆಂಡತಿ ಒಂದು ಗುಟುಕು ಕುಡಿದು "ಇದಕ್ಕಿಂತ ನಮ್ಮಜ್ಜಿ ಕಷಾಯ ವಾಸಿ" ಅಂದಳು. ಉಳಿದದ್ದಕ್ಕೆ ಬಿರಡೆ ಹಾಕಿ ಅಲ್ಲೇ ಇಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಬರೀ ಹುಳಿ.

ಬಾಟ್ಲಿನೇ ಕೆಟ್ಟಿತ್ತಾ, ಅಥವಾ ವೈನ್ ಅಂದರೆ ಹೀಗೇನಾ? ದ್ರಾಕ್ಷಿ ಸಿಹಿ ಇರುವಾಗ ಇದು ಯಾಕೆ ಹೀಗೆ? ಮುಂದಿನ ಭಾನುವಾರ ಮಂಗಳೂರಿನ ಗೆಳೆಯ ಬಂಗುಡೆ ಫ್ರೈ ಮಾಡುತ್ತಾನಂತೆ, ಅದಕ್ಕೆ ಒಂದು ಬಾಟ್ಲಿ ತರೋಣ ಅಂತಿದ್ದೇನೆ. ದುಬಾರಿ ಬೇಡ. ಯಾರಾದರೂ ಸರಳವಾಗಿ ಹೇಳಿ.

ಮಾಂಡೋವಿ ದಂಡೆ:

ಅಣ್ಣಾ, ಬಾಟ್ಲಿ ಕೆಟ್ಟಿರಲಿಲ್ಲ, ನೀವು ಕೆಡಿಸಿದಿರಿ. ಬೇಜಾರು ಮಾಡ್ಕೋಬೇಡಿ, ಪಣಜಿಯ ರೆಸ್ಟೋರೆಂಟಿನಲ್ಲಿ ಒಂಬತ್ತು ವರ್ಷದಿಂದ ಟೇಬಲ್ ನೋಡಿಕೊಳ್ಳುತ್ತಿದ್ದೇನೆ, ಈ ತಪ್ಪು ಮಾಡದವರು ಕಮ್ಮಿ.

ರೆಡ್ ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಅನ್ನುವುದು ಚಳಿ ದೇಶದ ಕಲ್ಲಿನ ಮನೆಗಳ ಮಾತು. ಅವರ ರೂಮು ಅಂದರೆ 16ರಿಂದ 18 ಡಿಗ್ರಿ. ನಿಮ್ಮ ಕಪಾಟು ಮೇ ತಿಂಗಳಲ್ಲಿ 35 ದಾಟಿರುತ್ತದೆ. ಅಷ್ಟು ಬಿಸಿಗೆ ಆಲ್ಕೋಹಾಲು ಆವಿಯಾಗಿ ಮೊದಲು ಮೂಗಿಗೇ ಬರುತ್ತದೆ, ಹಣ್ಣಿನ ವಾಸನೆ ಅದರಡಿ ಮುಚ್ಚಿ ಹೋಗುತ್ತದೆ. ನಮ್ಮ ಊರುಗಳಲ್ಲಿ ರೆಡ್ಡನ್ನು ಕುಡಿಯುವ ಮುಂಚೆ ಒಂದು ಗಂಟೆ ಫ್ರಿಜ್ಜಿನಲ್ಲಿ ಇಡಿ, ಯಾರು ಏನೇ ಹೇಳಲಿ. ವೈಟ್ ಆದರೆ ಪೂರ್ತಿ ತಣ್ಣಗೆ, 8-10 ಡಿಗ್ರಿ. ಗ್ಲಾಸಿಗೆ ಐಸ್ ಹಾಕಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ನನ್ನ ಪ್ರಕಾರ ಬಿಸಿ ವೈನಿಗಿಂತ ಐಸ್ ಹಾಕಿದ ವೈನ್ ಎಷ್ಟೋ ಮೇಲು.

ತೆರೆದ ಮೇಲೆ ಕೆಂಪೋ ಬಿಳಿಯೋ, ಎರಡೂ ಫ್ರಿಜ್ಜಿಗೇ. ಗಾಳಿ ತಾಗಿದರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಹುಳಿ ಮಾಡಿ ವಿನೆಗರ್ ಮಾಡುತ್ತದೆ, ಬಿಸಿ ಇದ್ದರೆ ಬೇಗ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಇನ್ನೊಂದು, ಬಿಯರ್ ಲೆಕ್ಕದಲ್ಲಿ ಮಗ್ ತುಂಬಾ ಸುರಿಯಬೇಡಿ. ಸಾಧಾರಣ ಬಿಯರಿಗಿಂತ ಎರಡು ಪಟ್ಟಿಗೂ ಜಾಸ್ತಿ ಖಡಕ್ ಇದು. 750 ಎಂಎಲ್ ಬಾಟ್ಲಿಗೆ ಐದು ಗ್ಲಾಸು.

ಶುರುವಿಗೆ ಸಿಹಿ ಬೇಕಾದರೆ ನಮ್ಮ ಗೋವಾದ ಪೋರ್ಟ್ ವೈನ್ ಕುಡಿದು ನೋಡಿ, ಅಗ್ಗ.

ಡೊಂಬಿವಲಿ ಅಕ್ಕ:

ಪೋರ್ಟ್ ಬೇಡ ಮಾರಾಯ! ಅದನ್ನು ಕುಡಿದು ವೈನ್ ಅಂದರೆ ಕೆಮ್ಮಿನ ಸಿರಪ್ಪು ಅಂದುಕೊಂಡವರು ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕು ಜನ ಇದ್ದಾರೆ. ನಿಜವಾದ ಪೋರ್ಟು ಪೋರ್ಚುಗಲ್ಲಿನ ಡೋರೊ ಕಣಿವೆಯದ್ದು. ಅಲ್ಲಿ ರಸ ಹುದುಗುತ್ತಿರುವಾಗಲೇ ನಡುವೆ ದ್ರಾಕ್ಷಿ ಬ್ರಾಂದಿ ಸುರಿಯುತ್ತಾರೆ, ಯೀಸ್ಟ್ ಸಾಯುತ್ತದೆ, ಸಕ್ಕರೆ ಅರ್ಧಕ್ಕೇ ಉಳಿಯುತ್ತದೆ, ಅದಕ್ಕೇ ಸಿಹಿಯೂ ಹೌದು, 20 ಪರ್ಸೆಂಟಿನ ಆಸುಪಾಸು ಖಡಕ್ಕೂ ಹೌದು.

ದ್ರಾಕ್ಷಿ ಸಿಹಿ, ವೈನ್ ಯಾಕಲ್ಲ ಅಂತ ಕೇಳಿದ್ದಕ್ಕೂ ಉತ್ತರ ಇಲ್ಲೇ ಇದೆ. ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಹೆಚ್ಚುಕಮ್ಮಿ ಎಲ್ಲ ತಿಂದು ಮುಗಿಸಿದರೆ ಅದನ್ನು ಡ್ರೈ ಅನ್ನುತ್ತಾರೆ, ಅಂದರೆ ಸಿಹಿ ಇಲ್ಲ ಅಂತ ಅಷ್ಟೇ.

ಈಗ ನಿಮ್ಮ ಬಾಳೆಕಾಯಿ. ನೀವು ಹೇಳಿದ ಆ ಹಿಡಿತಕ್ಕೆ ಇಂಗ್ಲಿಷಿನವರು ಟ್ಯಾನಿನ್ ಅಂತ ದೊಡ್ಡ ಹೆಸರು ಹೇಳುತ್ತಾರೆ, ನಮ್ಮ ಬಾಯಲ್ಲಿ ಅದು ಒಗರು. ನೆಲ್ಲಿಕಾಯಿ, ಅಡಿಕೆ, ಜಾಸ್ತಿ ಕುದಿಸಿದ ಚಹಾ, ಎಲ್ಲದರಲ್ಲೂ ಇರುವುದು ಅದೇ. ವೈನಿಗೆ ಅದು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ. ಒಂದು ಕಪ್ಪು ದ್ರಾಕ್ಷಿ ಹಿಂಡಿ ನೋಡಿ, ರಸಕ್ಕೆ ಬಣ್ಣವೇ ಇರುವುದಿಲ್ಲ! ಸಿಪ್ಪೆ ಸಮೇತ ಹುದುಗಿಸಿದರೆ ರೆಡ್, ಬಣ್ಣ ಒಗರು ಎರಡೂ ಬರುತ್ತವೆ. ಹಿಂಡಿ ಸಿಪ್ಪೆ ತೆಗೆದು ಹುದುಗಿಸಿದರೆ ವೈಟ್, ಸ್ವಲ್ಪ ಹೊತ್ತು ಮಾತ್ರ ಸಿಪ್ಪೆಯ ಜೊತೆ ಬಿಟ್ಟರೆ ರೋಸೆ, ಅಂದರೆ ಗುಲಾಬಿ ಬಣ್ಣದ್ದು. ಅಡಿಕೆ ಅಗಿದು ಅಭ್ಯಾಸ ಇರುವ ನಮ್ಮ ಮಾವನವರಿಗೆ ಮೊದಲ ದಿನವೇ ಶಿರಾಜ್ ಇಷ್ಟವಾಯಿತು, ನನಗೆ ಒಂದು ವರ್ಷ ಹಿಡಿಯಿತು.

ಬಾಟ್ಲಿಯ ಹಿಂದೆ ಚೆರ್ರಿ, ತಂಬಾಕು, ಚರ್ಮ ಅಂತೆಲ್ಲ ಬರೆದಿರುತ್ತಾರಲ್ಲ, ಅದನ್ನು ಓದಿ ಹೆದರಬೇಡಿ. ಚೆರ್ರಿ ಅಂದರೆ ನಮಗೆ ಬೇಕರಿ ಕೇಕಿನ ಮೇಲೆ ಇಡುವ, ಪಾಕದಲ್ಲಿ ಅದ್ದಿದ ಕವಳೆಕಾಯಿ! ಸಿಹಿ ಎಷ್ಟು, ಹುಳಿ ಎಷ್ಟು, ಒಗರು ಎಷ್ಟು, ಈ ಮೂರು ನೋಡಿಕೊಳ್ಳಿ ಸಾಕು. ನಿಮಗೆ ಒಗರು ಆಗಲಿಲ್ಲ ಅಲ್ವಾ, ಹಾಗಾದರೆ ಸದ್ಯ ವೈಟ್ ಕಡೆ ಹೋಗಿ. ಬಂಗುಡೆಗೆ ಸೋವಿನ್ಯೋನ್ ಬ್ಲಾಂಕ್. ಹುಳಿ ಜಾಸ್ತಿ, ಮೀನಿಗೆ ನಿಂಬೆ ಹಿಂಡಿದ ಹಾಗೆ. ರೆಡ್ ಮಾತ್ರ ತರಬೇಡಿ, ಎಣ್ಣೆ ಮೀನಿನ ಜೊತೆ ಕುಡಿದರೆ ಎಷ್ಟೋ ಸಲ ಬಾಯಲ್ಲಿ ಕಬ್ಬಿಣದ ರುಚಿ ಉಳಿಯುತ್ತದೆ.

ಮಾಂಡೋವಿ ದಂಡೆ:

ಅಕ್ಕಾ, ರೆಡ್ ಬೇಡ ಅನ್ನುವುದಕ್ಕೆ ಒಪ್ಪಿದೆ. ಆದರೆ ಮಂಗಳೂರಿನವರ ಬಂಗುಡೆ ಅಂದರೆ ಮೆಣಸಿನ ಮಸಾಲೆ ಬೆರಳುದ್ದ ಬಳಿದಿರುತ್ತಾರೆ. ಖಾರಕ್ಕೆ ಚೂರು ಸಿಹಿ ಇದ್ದರೆ ನಾಲಿಗೆಗೆ ಆರಾಮು. ಚೆನಿನ್ ಬ್ಲಾಂಕ್ ತರಲಿ, ಅದೂ ವೈಟೇ, ನಾಸಿಕ್ ಕಡೆಯ ಎಷ್ಟೋ ಚೆನಿನ್‌ಗಳಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ.

ಬೀಜವಿಲ್ಲದ ದ್ರಾಕ್ಷಿ:

ನಾರಾಯಣಗಾಂವ್ ಹತ್ತಿರ ದ್ರಾಕ್ಷಿ ತೋಟದ ಕೆಲಸದಲ್ಲಿದ್ದೇನೆ, ಊರು ವಿಜಯಪುರ. ನಾವು ತಿನ್ನುವ ಥಾಮ್ಸನ್ ಸೀಡ್‌ಲೆಸ್‌ನಿಂದ ಒಳ್ಳೆ ವೈನ್ ಆಗುವುದಿಲ್ಲ. ವೈನಿನ ತಳಿಗಳದ್ದು ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ಯುರೋಪಿನಲ್ಲಿ ಆಗಸ್ಟಿನಿಂದ ಅಕ್ಟೋಬರ್ ಸುಗ್ಗಿ, ನಮ್ಮಲ್ಲಿ ಆಗ ಮಳೆ. ಅದಕ್ಕೆ ಮಳೆ ಹಿಂದೆ ಸರಿಯುವ ಹೊತ್ತಿಗೆ ಚಾಟ್ನಿ ಮಾಡಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಿ, ಚಳಿಗಾಲದಲ್ಲಿ ಹಣ್ಣಾಗುವ ಹಾಗೆ ನೋಡಿಕೊಳ್ಳುತ್ತೇವೆ. ಸುಗ್ಗಿ ಜನವರಿಯಿಂದ ಮಾರ್ಚ್.

ಲೇಬಲ್ ಮೇಲಿನ ವರ್ಷ ಆ ಸುಗ್ಗಿಯದ್ದು. ಅಂಗಡಿಯವನು "ಹಳೇದು ಸಾರ್, ಚೆನ್ನಾಗಿರುತ್ತೆ" ಅಂದರೆ ನಂಬಬೇಡಿ. ದಿನಬಳಕೆಯ ವೈನ್ ಇಟ್ಟಷ್ಟೂ ಸೊರಗುತ್ತದೆ, ಅದರಲ್ಲೂ ಎಸಿ ಇಲ್ಲದ ಅಂಗಡಿಯಲ್ಲಿ. ವೈಟ್ ಆದರೆ ಒಂದೆರಡು ವರ್ಷದೊಳಗಿನದ್ದೇ ಕೇಳಿ. ಬಿಸಿಲು ಬೀಳುವ ಶೋಕೇಸಿನ ಬಾಟ್ಲಿ ಬೇಡ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಕಳಪೆ ಅಂತ ಅಂದುಕೊಳ್ಳಬೇಡಿ, ನ್ಯೂಜಿಲೆಂಡಿನಲ್ಲಿ ಬಹುಪಾಲು ಅದೇ.

ಆಮೇಲೆ ವೈನ್ ಅಂದರೆ ನಾಸಿಕ್ ಒಂದೇ ಅಲ್ಲ, ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಗ್ರೋವರ್ ತೋಟ ಇದೆ. ಊರ ಅಭಿಮಾನ, ಸುಮ್ನೆ ಹೇಳಿದೆ.

ಕೊತ್ರೂಡ್ ಕನ್ನಡಿಗ:

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮಿಬ್ಬರ ಜಗಳ ನೋಡಿ ಎರಡೂ ತಂದೆ. ಮನೆಯಲ್ಲಿ ವೈನ್ ಗ್ಲಾಸ್ ಇಲ್ಲ, ಸ್ಟೀಲ್ ಲೋಟದಲ್ಲೇ ಕುಡಿದೆವು. ಗೆಳೆಯನಿಗೆ ಸೋವಿನ್ಯೋನ್ ಹಿಡಿಸಿತು, ನಿಂಬೆ ಹಿಂಡಿದ ಹಾಗೆ ಅಂದದ್ದು ಸರಿಯಾಗಿಯೇ ಇತ್ತು ಅಕ್ಕ. ನನಗೆ ಮಾತ್ರ ಆ ಮಸಾಲೆಗೆ ಚೆನಿನ್ನೇ ಸರಿ ಅನ್ನಿಸಿತು. ಹೆಂಡತಿ ಎರಡನೇ ಲೋಟ ಕೇಳಿದಳು, ಕಷಾಯದ ಮಾತು ಎತ್ತಲಿಲ್ಲ. ಚೆನಿನ್ ಅರ್ಧ ಬಾಟ್ಲಿ ಉಳಿದಿದೆ, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆ ಪಕ್ಕ ನಿಲ್ಲಿಸಿದ್ದೇನೆ. ಬುಧವಾರ ಅತ್ತೆ ಬರುತ್ತಾರೆ, ಅಷ್ಟರೊಳಗೆ ಖಾಲಿ ಆಗಬೇಕು.