ಕಿಟಕಿಯಿಲ್ಲದ ಪ್ಯಾಸೇಜ್, ಮರದ ಮೆಟ್ಟಿಲು: ಬಣ್ಣ ಹೊಂದಿಸುವುದು ಹೇಗೆ?

ಪ್ರಶ್ನೆ
ಮುಂಬಾಗಿಲು ತೆಗೆದರೆ ನೇರ ಪ್ಯಾಸೇಜ್. ಉದ್ದ 14 ಅಡಿ, ಅಗಲ ಮೂರೂವರೆ. ಕಿಟಕಿ ಇಲ್ಲ. ಕೊನೆಯಲ್ಲಿ ಕೆಂಪುಮಿಶ್ರಿತ ಕಂದು ಪಾಲಿಶ್‌ನ ಮರದ ಮೆಟ್ಟಿಲು. ಎಡಕ್ಕೆ ಹಸಿರು ರೂಮ್, ಬಲಕ್ಕೆ ಹಳದಿ ಅಡುಗೆಮನೆ. ಶೇಡ್ ಕಾರ್ಡ್ ನೋಡಿ ತಿಳಿ ಬೂದು ಹೊಡೆಸಿದೆವು. ಹಗಲಲ್ಲಿ ಮಂಕು, ಲೈಟ್ ಹಾಕಿದರೆ ನೀಲಿ. ಮನೆಯವರು ಆಸ್ಪತ್ರೆ ವಾರ್ಡ್ ಅಂತಾರೆ. ಮೆಟ್ಟಿಲೂ ಸೇರಿ ಎಲ್ಲ ಬಿಳಿ ಮಾಡಿಬಿಡಲಾ?

ಉತ್ತರ 1
ಬಿಳಿ ಹೊಡೆಸಿ, ತಲೆನೋವಿಲ್ಲ.

ಉತ್ತರ 2
ತಲೆನೋವು ಇದೆ! ಹಾಗೇ ಮಾಡಿ ಎರಡು ಸಲ ಪೇಂಟರ್‌ಗೆ ದುಡ್ಡು ಕೊಟ್ಟವಳು ನಾನು. ಬೆಳಕು ಬೀಳದ ಗೋಡೆಯಲ್ಲಿ ಬಿಳಿ ಬೆಳ್ಳಗೆ ಕಾಣುವುದಿಲ್ಲ, ಒಗೆದು ಮಾಸಿದ ಪಂಚೆಯ ಹಾಗೆ ಕಾಣುತ್ತದೆ.

ಮೊದಲು ಬಲ್ಬಿನ ಡಬ್ಬ ನೋಡಿ. ಅಲ್ಲಿ ಕೆ (ಕೆಲ್ವಿನ್) ಅಂತ ಇರುವ ಅಂಕಿ ಬೆಳಕಿನ ಬಣ್ಣ ಹೇಳುತ್ತದೆ: ಹೆಚ್ಚಾದಷ್ಟೂ ನೀಲಿ, ಕಡಿಮೆಯಾದಷ್ಟೂ ಹಳದಿ. 6500ಕೆ ಅಂತ ಇದ್ದರೆ ನಿಮ್ಮ ನೀಲಿಯ ಗುಟ್ಟು ಅಲ್ಲೇ ಸಿಕ್ಕಿತು. 2700 ಅಥವಾ 3000ಕೆ ಹಾಕಿ, ಒಂದು ವಾರ ಸುಮ್ನೆ ಇರಿ. ಬಣ್ಣ ಆಮೇಲೆ.

ನಂತರ ಎರಡೂ ಬಾಗಿಲು ತೆರೆದಿಟ್ಟು ಮುಂಬಾಗಿಲಲ್ಲಿ ನಿಲ್ಲಿ. ಹಸಿರು, ಹಳದಿ, ಮರ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಅಲ್ವಾ? ಮೂರರಲ್ಲೂ ಹಳದಿಯ ಛಾಯೆ ಇದೆ. ನೀಲಿ ಬೆರೆತ ಬೂದು ಅವುಗಳ ನಡುವೆ ನೆಂಟರಲ್ಲದವರ ಹಾಗೆ ನಿಂತಿದೆ, ಅಷ್ಟೇ. ಕೆನೆ ಬಣ್ಣವೋ ತಿಳಿ ಮರಳಿನ ಬಣ್ಣವೋ ನೋಡಿ. ಕಾರ್ಡಿನಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಇದ್ದರೆ ಅದು ಬಣ್ಣ ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬುದು: ಕಪ್ಪಿಗೆ 0, ಬಿಳಿಗೆ 100ರ ಹತ್ತಿರ. ನಾನು 70ರ ಆಸುಪಾಸಿನದು ಆರಿಸಿದೆ. ಗೋಡೆಗೇ ಹಚ್ಚಿ ನೋಡಬೇಡಿ, ಹಳೇ ಬೂದು ಕಣ್ಣನ್ನು ಮೋಸಗೊಳಿಸುತ್ತದೆ. ದೊಡ್ಡ ರಟ್ಟಿಗೆ ಎರಡು ಕೋಟ್ ಹಚ್ಚಿ, ಬಾಗಿಲ ಬಳಿ, ಮೆಟ್ಟಿಲ ಬುಡದಲ್ಲಿ, ರಾತ್ರಿ ಹಗಲು ಇಟ್ಟು ನೋಡಿ.

ಮೆಟ್ಟಿಲು ಮಾತ್ರ ಪೂರ್ತಿ ಬಿಳಿ ಬೇಡವೇ ಬೇಡ. ನಾವು ಮಾಡಿದ್ದೆವು. ಒಂದು ರಾತ್ರಿ ಅಮ್ಮ ಇಳಿಯುವಾಗ ಕೊನೆಯ ಮೆಟ್ಟಿಲನ್ನು ನೆಲ ಅಂದುಕೊಂಡು ಕಾಲಿಟ್ಟರು. ಪುಣ್ಯಕ್ಕೆ ಕಾಲು ಉಳುಕಿದ್ದಷ್ಟೇ. ಈಗ ಕಾಲಿಡುವ ಹಲಗೆ ಮರದ ಬಣ್ಣದಲ್ಲೇ ಇದೆ, ಎದುರಿಗೆ ನಿಂತ ಹಲಗೆ ಮಾತ್ರ ಕೆನೆ. ಇಳಿಯುವಾಗ ಆ ಕೆನೆ ಕಾಣುವುದಿಲ್ಲವಲ್ಲ, ಅದಕ್ಕೇ ಪ್ರತಿ ಹಲಗೆಯ ಅಂಚಿಗೂ ಎದ್ದು ಕಾಣುವ ಪಟ್ಟಿ ಬೇರೆ ಅಂಟಿಸಿದ್ದೇವೆ. ಪಾಲಿಶ್ ಮೇಲೆ ನೇರ ಪೇಂಟ್ ಹಚ್ಚಿದರೆ ಸಿಪ್ಪೆ ಏಳುತ್ತದೆ. ಉಜ್ಜಿ, ಪ್ರೈಮರ್ ಹಚ್ಚಲೇಬೇಕು.

ಉತ್ತರ 3
ಇನ್ನೊಂದು. ಮೆಟ್ಟಿಲ ಪಕ್ಕದ ಗೋಡೆಗೆ ಕೈ ತಾಗುವುದು ಜಾಸ್ತಿ. ಹೊಳಪಿಲ್ಲದ ಮ್ಯಾಟ್ ಬಿಟ್ಟು, ತುಸು ಹೊಳೆಯುವ, ಒರೆಸಬಹುದಾದ ಸ್ಯಾಟಿನ್ ಫಿನಿಶ್ ಹಾಕಿ. ಆದರೆ ಗೋಡೆ ಉಬ್ಬುತಗ್ಗಿದ್ದರೆ ಹೊಳಪು ಅದನ್ನೆಲ್ಲ ತೋರಿಸಿಬಿಡುತ್ತದೆ, ಪುಟ್ಟಿ ಮೊದಲೇ ಸರಿ ಮಾಡಿಸಿ. ಫೋಟೋ ಫ್ರೇಮ್ ಹಾಕುವುದಾದರೆ ಮೆಟ್ಟಿಲ ಇಳಿಜಾರಿಗೇ ಏರಿಸುತ್ತಾ ಹೋಗಿ.

ಪ್ರಶ್ನೆ ಕೇಳಿದವರು
ಡಬ್ಬ ನೋಡಿದೆ. 6500ಕೆ! ನಿನ್ನೆ 3000ದ್ದು ಹಾಕಿದೆ. ನೀಲಿ ಹೋಯಿತು, ಮಂಕು ಹೋಗಿಲ್ಲ. ರಟ್ಟಿಗೆ ಕೆನೆ ಹಚ್ಚಿ ಮೆಟ್ಟಿಲ ಬುಡದಲ್ಲಿ ಒರಗಿಸಿದ್ದೇನೆ. ಮನೆಯವರು ಅದನ್ನು ಎರಡು ಸಲ ಎತ್ತಿ ಅಟ್ಟಕ್ಕೆ ಹಾಕಿದ್ದಾರೆ.